ಗುರು ಎಲ್ಲಿ, ಲಘು ಎಲ್ಲಿ

ಮುಂಬೈ, ಪುಣೆಯ ಕನ್ನಡ ಮನೆಗಳಲ್ಲಿ ಒಂದು ಸಣ್ಣ ಜಗಳ ಮಾಮೂಲಾಗಿದೆ. ಅಪ್ಪ ಫೋನಿನಲ್ಲಿ ಯಾರಿಗೋ ‘ಡಿಟರ್‌ಮೈನ್’ ಅನ್ನುತ್ತಾರೆ. ಒಳಗಿನ ಕೋಣೆಯಿಂದ ಮಗಳು ‘ಪಪ್ಪಾ, ಅದು ಡಿಟರ್‌ಮಿನ್’ ಎಂದು ಕೂಗುತ್ತಾಳೆ. ಅಪ್ಪ ಕಲಿತದ್ದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ, ಮಗಳು ಕಲಿತದ್ದು ಕಾನ್ವೆಂಟಿನಲ್ಲಿ. ಮಗಳು ಹೇಳಿದ್ದೇ ಸರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಮುಂದಿನ ಸಲ ಬ್ಯಾಂಕಿನಲ್ಲೋ ಸೊಸೈಟಿಯ ಮೀಟಿಂಗಿನಲ್ಲೋ ಅಪ್ಪ ಬಾಯಿ ಬಿಡದೆ ಮಗಳನ್ನೇ ಮುಂದೆ ನಿಲ್ಲಿಸಿದರೆ, ಆದ ನಷ್ಟ ಒಂದು ಸ್ವರದ್ದಲ್ಲ.

ಈ ಸಂಕೋಚಕ್ಕೆ ಇವತ್ತು ಒಳ್ಳೆಯ ಮಾರುಕಟ್ಟೆಯಿದೆ. ಒಂದು ಕಡೆ ‘ಆಕ್ಸೆಂಟ್’ ಬದಲಿಸಿಕೊಡುವ ಕ್ಲಾಸುಗಳು, ಇನ್ನೊಂದು ಕಡೆ ದಿನಕ್ಕೆ ಇಷ್ಟು ಕಠಿಣ ಪದ ಎಂದು ಬಾಯಿಪಾಠ ಮಾಡಿಸುವ ಆ್ಯಪುಗಳು. ಎರಡೂ ಬೇಡದ ಸರಕನ್ನೇ ಮಾರುತ್ತಿವೆ. ಕನ್ನಡಿಗನ ಇಂಗ್ಲಿಷ್ ಎಡವುವುದು ಬೇರೆ ಜಾಗದಲ್ಲಿ.

ಆ ಜಾಗ ಒತ್ತು. ಕನ್ನಡದಲ್ಲಿ ಸ್ವರ ಹ್ರಸ್ವವೋ ದೀರ್ಘವೋ ಎಂಬುದರ ಮೇಲೆ ಅರ್ಥ ನಿಂತಿದೆ: ಬಳೆ ಬೇರೆ, ಬಾಳೆ ಬೇರೆ. ಯಾವ ಅಕ್ಷರವನ್ನು ಒತ್ತಿ ನುಡಿದರೂ ಬಳೆ ಬಳೆಯೇ. ಇಂಗ್ಲಿಷಿನಲ್ಲಿ ಹಾಗಲ್ಲ. ‘ರೆಕಾರ್ಡ್’ ಎಂಬ ಪದದ ಮೊದಲ ಭಾಗವನ್ನು ಒತ್ತಿದರೆ ದಾಖಲೆ, ಎರಡನೆಯದನ್ನು ಒತ್ತಿದರೆ ದಾಖಲಿಸು. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ಭಾಗದ ಮೇಲೆ, ತೆಗೆಯುವವನ ಹೆಸರಿಗೆ ಬಂದಾಗ ಅದು ಎರಡನೆಯದಕ್ಕೆ ಜಾರಿ ‘ಫೊಟಾಗ್ರಫರ್’ ಆಗುತ್ತದೆ, ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಒತ್ತು ಬೀಳದ ಭಾಗಗಳನ್ನು ಇಂಗ್ಲಿಷರು ಅರ್ಧ ನುಂಗಿಬಿಡುತ್ತಾರೆ. ನಾವು ಒಂದನ್ನೂ ನುಂಗುವುದಿಲ್ಲ. ಬರೆದ ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲಿಸಬೇಕೆಂದು ನಮ್ಮ ಲಿಪಿ ಕಲಿಸಿದೆ. ‘ಡೆವಲಪ್’, ‘ಕಮಿಟಿ’, ‘ಈವೆಂಟ್’ ಎಲ್ಲದರಲ್ಲೂ ಮೊದಲ ಭಾಗವನ್ನೇ ಒತ್ತುತ್ತೇವೆ. ಈ ಮೂರರಲ್ಲೂ ಒತ್ತು ಇರಬೇಕಾದದ್ದು ಎರಡನೆಯ ಭಾಗದ ಮೇಲೆ. ‘ಹೋಟೆಲ್’ ಕೂಡ ಹಾಗೆಯೇ. ಆದರೆ ಮುಂಬೈಯಲ್ಲಿ ಅಷ್ಟೊಂದು ಹೋಟೆಲು ಕಟ್ಟಿದ ಉಡುಪಿಯವರಿಗೆ ಅದನ್ನು ತಮ್ಮಿಷ್ಟದಂತೆ ಕರೆಯುವ ಹಕ್ಕಿದೆ, ಬಿಡಿ.

ಇದು ಹೊಸ ಸಂಗತಿಯೂ ಅಲ್ಲ. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆ, ಅಂದರೆ ಈಗಿನ ಇಫ್ಲು ವಿಶ್ವವಿದ್ಯಾಲಯ, ಆರ್. ಕೆ. ಬನ್ಸಲ್ ಅವರ ಅಧ್ಯಯನವನ್ನು 1969ರಲ್ಲಿ ಪ್ರಕಟಿಸಿತ್ತು. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರಲು ತಪ್ಪು ಜಾಗದ ಒತ್ತು ಮುಖ್ಯ ಕಾರಣಗಳಲ್ಲೊಂದು ಎಂದು ಅದು ಅಂದೇ ಹೇಳಿತ್ತು. ಅರ್ಧ ಶತಮಾನ ಕಳೆದರೂ ಶಾಲೆಗಳಲ್ಲಿ ಇಂದಿಗೂ ಸ್ಪೆಲಿಂಗಿಗೆ ಮಾರ್ಕಿದೆ, ಒತ್ತಿಗೆ ಇಲ್ಲ.

ಸ್ಪೆಲಿಂಗನ್ನು ನಂಬುವವರ ಮೇಲೆ ಸಿಟ್ಟಾಗುವಂತೆಯೂ ಇಲ್ಲ. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ. ಅಲ್ಲಿಂದ ಮುಂದೆ ಕಾಗುಣಿತ ನಿಧಾನಕ್ಕೆ ಗಟ್ಟಿಯಾಯಿತು, ಸ್ವರಗಳು ಮಾತ್ರ ನಿಲ್ಲದೆ ಜಾಗ ಬದಲಿಸಿದವು. ಸಾಲಕ್ಕೆ ಅವರು ಹೇಳುವ ‘ಡೆಟ್’ ಪದದ ನಡುವಿನ ಬಿ ಅಕ್ಷರವನ್ನಂತೂ ಇಂಗ್ಲಿಷರು ಯಾವತ್ತೂ ಉಚ್ಚರಿಸಿಯೇ ಇಲ್ಲ. ಮೂಲ ಲ್ಯಾಟಿನ್ ಪದದಲ್ಲಿ ಅದು ಇತ್ತೆಂದು ಪಂಡಿತರು ಆಮೇಲೆ ತಂದು ಸೇರಿಸಿದ್ದು.

ಹಾಗಾದರೆ ದಾರಿ ಏನು? ಹಳಗನ್ನಡ ಪದ್ಯಕ್ಕೆ ಪ್ರಸ್ತಾರ ಹಾಕಿದವರಿಗೆ ಅದು ಅರ್ಧ ಗೊತ್ತು. ಲಘುವಿಗೆ ಬಟ್ಟಲಿನಂಥ ಗೆರೆ, ಗುರುವಿಗೆ ಅಡ್ಡ ಗೆರೆ. ಅಲ್ಲಿಯದು ಮಾತ್ರೆಯ ಲೆಕ್ಕ, ಇಲ್ಲಿಯದು ಒತ್ತಿನ ಲೆಕ್ಕ. ಎರಡೂ ಒಂದೇ ಅಲ್ಲ. ಆದರೆ ಹೊಸ ಇಂಗ್ಲಿಷ್ ಪದ ಸಿಕ್ಕಿದಾಗ ನಿಘಂಟಿನ ಧ್ವನಿಯನ್ನು ಎರಡು ಸಲ ಕೇಳಿ, ಪೆನ್ಸಿಲಿನಲ್ಲಿ ಪದದ ತಲೆಯ ಮೇಲೆ ಗುರುವನ್ನು ಗುರುತಿಸಿಕೊಳ್ಳುವುದಕ್ಕೆ ಯಾವ ಕ್ಲಾಸಿನ ಫೀಸೂ ಬೇಕಿಲ್ಲ.

ಪದಸಂಪತ್ತಿನ ವಿಷಯದಲ್ಲಿ ಕನ್ನಡಿಗರು ತಮ್ಮ ಮನೆಯ ಕಪಾಟನ್ನೇ ತೆರೆದು ನೋಡಿಲ್ಲ. ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲೂ ಅಬಿಡ್ಸ್‌ನ ಭಾನುವಾರದ ಹಳೆ ಪುಸ್ತಕದ ಸಾಲಿನಲ್ಲೂ ಕಾಣುವ ‘ವರ್ಡ್ ಪವರ್ ಮೇಡ್ ಈಜಿ’ಯನ್ನು ನಾರ್ಮನ್ ಲೂಯಿಸ್ 1949ರಲ್ಲಿ ಹೊರತಂದರು. ಪಟ್ಟಿ ಉರುಹೊಡೆಯುವುದಕ್ಕಿಂತ ಗ್ರೀಕ್, ಲ್ಯಾಟಿನ್ ಧಾತುಗಳನ್ನು ಹಿಡಿಯುವುದು ಅವರ ಉಪಾಯ. ಆ ಧಾತುಗಳಲ್ಲಿ ಅನೇಕವು ಸಂಸ್ಕೃತಕ್ಕೆ ದಾಯಾದಿಗಳು, ಸಂಸ್ಕೃತದ ಸಾವಿರಾರು ಪದಗಳು ಕನ್ನಡದೊಳಗಿವೆ. ದಂತ ಗೊತ್ತಿದ್ದವರಿಗೆ ‘ಡೆಂಟಲ್’, ಪಾದ ಗೊತ್ತಿದ್ದವರಿಗೆ ‘ಪೆಡೆಸ್ಟ್ರಿಯನ್’, ನವ ಗೊತ್ತಿದ್ದವರಿಗೆ ‘ಇನೊವೇಟ್’ ಹೊಸಬರಲ್ಲ. ಟಿ. ಎಚ್. ಹಕ್ಸ್‌ಲಿ 1869ರಲ್ಲಿ ಟಂಕಿಸಿದ ‘ಅಗ್ನಾಸ್ಟಿಕ್’ ಪದವನ್ನು ಬಿಡಿಸಿ ನೋಡಿ. ಮೊದಲ ‘ಅ’ ನಮ್ಮ ಅಜ್ಞಾನದ ‘ಅ’. ಉಳಿದದ್ದು ಜ್ಞಾನದ ‘ಜ್ಞಾ’. ಗೃಹಸಾಲದ ಕಾಗದದಲ್ಲಿ ದಿನಾ ಕಾಣುವ ‘ಮಾರ್ಟ್‌ಗೇಜ್’ ಇನ್ನೂ ಸ್ವಾರಸ್ಯದ್ದು. ಅದರ ಮೊದಲ ಪಾಲು ಮೃತ್ಯುವಿನ ನೆಂಟ. ಹಳೆಯ ಫ್ರೆಂಚಿನಲ್ಲಿ ಅದರರ್ಥ ಸತ್ತ ಒತ್ತೆ. ಅದರಲ್ಲಿರುವ ‘ಟ್’ಕಾರವೂ ಸತ್ತಿದೆ: ಹೇಳಬೇಕಾದದ್ದು ‘ಮಾರ್ಗಿಜ್’.

ದೊಡ್ಡ ಪದ ಗೊತ್ತಿರುವುದು ಬೇರೆ, ಅದನ್ನು ಎಲ್ಲಿ ಇಡಬೇಕೆಂಬುದು ಬೇರೆ. ಪಟ್ಟಿಯಿಂದ ಕಲಿತವರು ಜ್ವರಕ್ಕೆ ರಜೆ ಕೇಳುವ ಪತ್ರದಲ್ಲೂ ಲ್ಯಾಟಿನ್ ಪದಗಳನ್ನು ತುಂಬಿ ಮ್ಯಾನೇಜರನ್ನು ಗಾಬರಿಗೊಳಿಸುತ್ತಾರೆ. ಓದಿನಿಂದ ಕಲಿತವರಿಗೆ ಪದದ ಜೊತೆ ಅದರ ಅಕ್ಕಪಕ್ಕದವರೂ ಪರಿಚಯವಾಗಿರುತ್ತಾರೆ. ಇದಕ್ಕೆ ಅಡ್ಡದಾರಿ ಇಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಆಕ್ಷೇಪ ಉಳಿಯುತ್ತದೆ. ಸಂದರ್ಶನದಲ್ಲಿ ಕೂತವರು ಹುಡುಗನ ಮಾತು ಪೂರ್ತಿ ಅರ್ಥವಾದರೂ ಅವನ ದನಿಯಲ್ಲಿ ಹುಬ್ಬಳ್ಳಿಯೋ ಕುಂದಾಪುರವೋ ಕೇಳಿಸಿತೆಂದು ಕೈಬಿಡುವುದುಂಟು. ಅದು ಅವರ ಕಿವಿಯ ದೋಷ. ಆದರೂ ಸಂಬಳ ಕೊಡುವವರು ಅವರೇ ಆದ್ದರಿಂದ, ಆಕ್ಸೆಂಟ್ ಕ್ಲಾಸಿಗೆ ದುಡ್ಡು ಕಟ್ಟುವ ಹುಡುಗನನ್ನು ಹೀಗಳೆಯುವುದು ಸುಲಭವೇ ಹೊರತು ನ್ಯಾಯವಲ್ಲ. ಅವನು ತಿಳಿದಿರಬೇಕಾದದ್ದು ಇಷ್ಟು: ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಮಾತಿನ ಅಂಕ ನಾಲ್ಕು ಸಮಪಾಲು, ಉಚ್ಚಾರ ಅದರಲ್ಲಿ ಒಂದು ಪಾಲು ಮಾತ್ರ. ಅಲ್ಲಿಯೂ ನೋಡುವುದು ಕೇಳುವವರಿಗೆ ತಿಳಿಯುತ್ತದೆಯೇ ಎಂದು. ಊರಿನ ದನಿಯಿದ್ದರೂ, ಅದು ಅರ್ಥಕ್ಕೆ ಅಡ್ಡ ಬರದಿದ್ದರೆ, ಎತ್ತರದ ಅಂಕ ಸಿಗುತ್ತದೆ.

ಆ ಕೋಣೆಯ ಮಗಳಿಗೆ ‘ಡಿಟರ್‌ಮಿನ್’ ಗೊತ್ತು. ಕಾನ್ವೆಂಟಿನಲ್ಲಿ ಕನ್ನಡವಿಲ್ಲದ್ದರಿಂದ ಪ್ರಸ್ತಾರ ಹಾಕುವುದು ಗೊತ್ತಿಲ್ಲ. ಅಪ್ಪನಿಗೆ ರಾತ್ರಿ ಶಾಲೆಯ ಮೇಷ್ಟ್ರು ಹಾಕಿಸಿದ ಪ್ರಸ್ತಾರ ಇನ್ನೂ ಮರೆತಿರಲಾರದು.