ಬುತ್ತಿ ಕಟ್ಟಿಕೊಂಡು ಹೊರಡುವ ಪ್ರವಾಸ

ಪ್ರವಾಸವೆಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಏಳುವುದು ಹಣದ ಪ್ರಶ್ನೆ. ದೂರದ ಊರು, ಬಾಡಿಗೆಯ ವಾಹನ, ವಸತಿಗೃಹ, ಹೋಟೆಲಿನ ಊಟ ಇವೆಲ್ಲವನ್ನೂ ಕೂಡಿಸಿ ನೋಡುವಷ್ಟರಲ್ಲಿ ಉತ್ಸಾಹವು ಇಳಿದುಹೋಗುತ್ತದೆ. ಇನ್ನು ಕೆಲವರು ಸಾಲ ಮಾಡಿ ಹೋಗಿಬಂದು ವರ್ಷವಿಡೀ ಅದರ ಬಡ್ಡಿ ತೆರುವುದುಂಟು. ಇವೆರಡರ ನಡುವೆ ನಮ್ಮ ಹಿರಿಯರು ಬಳಸಿದ ಮೂರನೆಯ ಹಾದಿಯೊಂದಿದೆ. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ.

ಜಂಗಮ ಎಂಬ ಪದಕ್ಕೆ ಚಲಿಸುವುದು ಎಂಬುದೇ ಮೂಲಾರ್ಥ. ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದವಳು. ಇಂದಿಗೂ ಯುಗಾದಿಯ ಮುನ್ನ ನಮ್ಮ ಭಾಗದ ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಅಷ್ಟೇಕೆ, ಎಳ್ಳ ಅಮಾವಾಸ್ಯೆಯಂದು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಎಲ್ಲರೂ ಕೂಡಿ ಉಣ್ಣುವುದೂ ಒಂದು ಪ್ರವಾಸವೇ ಅಲ್ಲವೆ? ಅದಕ್ಕೆ ತಗಲುವ ವೆಚ್ಚ ಬುತ್ತಿಯದು ಮಾತ್ರ.

ಬಬಲೇಶ್ವರ ತಾಲೂಕಿನ ಜೈನಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಯ ಕುಟುಂಬವೊಂದು ತನ್ನ ತಾಲೂಕಿನೊಳಗೇ ನೋಡಬಹುದಾದುದು ಕಡಿಮೆಯೇನಲ್ಲ. ಕಾಖಂಡಕಿಯಲ್ಲಿ ದಾಸಶ್ರೇಷ್ಠ ಮಹಿಪತಿದಾಸರ ನೆಲೆಯಿದೆ. ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ವಿಶಾಲವಾದ ಕೆರೆಯಿದೆ. ಆ ಕೆರೆಯನ್ನು ಕಟ್ಟಿಸಿದವನು 1627ರಿಂದ 1656ರವರೆಗೆ ಆಳಿದ ಸುಲ್ತಾನ ಮುಹಮ್ಮದ ಆದಿಲ್‌ಶಹ. ಊರಿಗೂ ಅವನ ಹೆಸರೇ ನಿಂತಿದೆ. ವಿಜಯಪುರದ ಗೋಳಗುಮ್ಮಟದಲ್ಲಿ ಮಲಗಿರುವವನೂ ಅವನೇ. ಅರಸನೊಬ್ಬನು ತನಗಾಗಿ ಕಟ್ಟಿಸಿದುದನ್ನು ಜಗತ್ತೆಲ್ಲ ಬಂದು ನೋಡುತ್ತದೆ; ಹೊಲಗಳಿಗಾಗಿ ಕಟ್ಟಿಸಿದುದನ್ನು ನೆರೆಯೂರಿನ ಮಕ್ಕಳೂ ನೋಡಿರುವುದಿಲ್ಲ. ಮೊದಲು ಕೆರೆಯ ಏರಿಯ ಮೇಲೆ ಕುಳಿತು ಬುತ್ತಿ ಬಿಚ್ಚಿ, ಮುಂದಿನ ತಿಂಗಳು ಗುಮ್ಮಟಕ್ಕೆ ಹೋದರೆ, ಪಾಠಪುಸ್ತಕದಲ್ಲಿ ಓದಿದ ಹೆಸರಿಗೆ ಮಕ್ಕಳ ಮನಸ್ಸಿನಲ್ಲಿ ಜೀವ ಬರುತ್ತದೆ.

ವಿಜಯಪುರ ನಗರವನ್ನಂತೂ ಒಂದೇ ದಿನದಲ್ಲಿ ಮುಗಿಸಲು ಹೋಗಬಾರದು. ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಬೆಳಿಗ್ಗೆಯೇ ಏರಬೇಕು. ಗದ್ದಲ ಹೆಚ್ಚಿದ ಮೇಲೆ ಪಿಸುಮಾತು ಕೇಳಿಸುವುದು ಕಷ್ಟ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಪ್ರವೇಶ ಶುಲ್ಕವಿಲ್ಲ. ಆವರಣದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಇನ್ನೊಂದು ದಿನ ಇಬ್ರಾಹಿಂ ರೋಜಾ ಮತ್ತು ತಾಜ ಬಾವಡಿ. ಮತ್ತೊಂದು ದಿನ ಪಶ್ಚಿಮಕ್ಕಿರುವ ತೊರವಿ: ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಆ ಊರಿನಲ್ಲಿ ನರಸಿಂಹನ ಗುಡಿಯಿದೆ, ನಗರಕ್ಕೆ ನೆಲದಡಿಯಿಂದ ನೀರು ತರುತ್ತಿದ್ದ ಸುರಂಗ ಬಾವಡಿಯ ಕುರುಹುಗಳಿವೆ, 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯವಿದೆ. ಹೆಣ್ಣುಮಕ್ಕಳಿಗೆ ಆ ಕೊನೆಯದನ್ನು ಹೊರಗಿನಿಂದಲಾದರೂ ತೋರಿಸಿರಿ. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ನಾಡಿಗಿತ್ತು, ಮುಂದೆ ಮನೆ ಮಾರಿ ಮುದ್ರಣಾಲಯ ನಡೆಸಿದ ಫ.ಗು. ಹಳಕಟ್ಟಿಯವರು ದುಡಿದ ನಗರವಿದು ಎಂಬುದನ್ನೂ ಹೇಳಿರಿ.

ಕೆಲಕಾಲದ ಹಿಂದೆ ಜೈನಾಪುರದ ಮನೆಯೊಂದರಲ್ಲಿ ಪ್ರಸಾದ ಮುಗಿಸಿ ಇದೇ ಮಾತುಗಳನ್ನಾಡುತ್ತಿದ್ದೆವು. ಎಪ್ಪತ್ತು ದಾಟಿದ ತಾಯಿಯೊಬ್ಬರು ನಡುವೆ ಹೇಳಿದರು: “ಗುಮ್ಮಟದ ಬಾಜೂಕಿನ ಹಾದೀಲೆ ದವಾಖಾನಿಗೆ ಹತ್ತು ಸಲ ಹೋಗೇನ್ರೀ, ಒಳಗ ಒಮ್ಮೀನೂ ಕಾಲಿಟ್ಟಿಲ್ಲ.” ಈಗ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೇ ಇಲ್ಲವಲ್ಲ, ಹೋಗಿಬರಬಹುದಲ್ಲ ಎಂದೆವು. ಒಳಗಿನಿಂದ ಸೊಸೆಯ ಉತ್ತರ ಬಂದಿತು: “ಬಸ್ಸಿಗೆ ರೊಕ್ಕ ಬ್ಯಾಡ ಖರೆರೀ. ಸಂಜಿಗೆ ಎಮ್ಮಿ ಯಾರು ಹಿಂಡಬೇಕು?”

ವಾಚಕರೇ, ಪ್ರವಾಸದ ವೆಚ್ಚವನ್ನು ಕುರಿತು ನಾವು ಕೇಳಿದ ಮಾತುಗಳಲ್ಲಿ ಇದರಷ್ಟು ನಿಖರವಾದುದು ಇನ್ನೊಂದಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ನಾಡಿನ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣವನ್ನು ಉಳಿಸಿತು. ಆದರೆ ಬಿಡುವಿನ ದಿನವನ್ನು ಸರಕಾರ ಕೊಡಲಾರದು. ಅದನ್ನು ಕೊಡಬೇಕಾದವರು ಮನೆಯವರೇ. ಗಂಡಸರು ಸಂತೆಗೆ, ಕಚೇರಿಗೆ, ಬೀಗರ ಊರಿಗೆ ಹೋಗುತ್ತಲೇ ಊರುಗಳನ್ನು ನೋಡಿರುತ್ತಾರೆ. ಮನೆಯ ಹೆಂಗಸರು ಹೊರಗೆ ಹೋಗುವುದು ಬಹುತೇಕ ಮದುವೆಗೆ, ಬಾಣಂತನಕ್ಕೆ, ದವಾಖಾನೆಗೆ. ಅಲ್ಲಿಯೂ ಅವರಿಗೆ ಕೆಲಸವೇ ಕಾದಿರುತ್ತದೆ. ಕಾಯಕವು ಎಲ್ಲರದು ಎಂದು ಹೇಳುವ ನಾವು, ವಿಶ್ರಾಂತಿಯೂ ಎಲ್ಲರದು ಎಂಬುದನ್ನು ಮರೆಯಬಾರದು.

ಆ ಮನೆಯ ಹಿರಿಯ ಮಗ ಮಾತನ್ನು ಸುಮ್ಮನೆ ಕೇಳಿಸಿಕೊಂಡಿದ್ದ. ಮತ್ತೊಮ್ಮೆ ನಾವು ಆ ಊರಿಗೆ ಹೋದಾಗ ತಿಳಿದುದು ಇಷ್ಟು: ಅವನು ಒಂದು ದಿನ ಮನೆಯಲ್ಲಿಯೇ ನಿಂತು ಎಮ್ಮೆ ಹಿಂಡಿದ್ದಾನೆ, ಅತ್ತೆ, ಸೊಸೆ, ಮೊಮ್ಮಗಳು ಮೂವರೂ ವಿಜಯಪುರಕ್ಕೆ ಹೋಗಿಬಂದಿದ್ದಾರೆ. ಮೊಮ್ಮಗಳು ಗುಮ್ಮಟದ ಮೆಟ್ಟಿಲು ಹತ್ತಿದ್ದಾಳೆ. ಅಜ್ಜಿ ಕೆಳಗೆ ಕುಳಿತು ಮೇಲಿನ ದನಿಗಳನ್ನು ಕೇಳಿದ್ದಾರೆ. ಆದರೆ ಅವರ ಮನಸ್ಸಿನಲ್ಲಿ ನಿಂತುದು ಗುಮ್ಮಟವಲ್ಲ, ತಾಜ ಬಾವಡಿ. “ಇಷ್ಟು ನೀರು ಕಟ್ಟಿ ಇಡಾಕ ಆ ಕಾಲದಾಗ ಬರತಿತ್ತಂದ್ರ, ನಾವ್ಯಾಕ್ರೀ ಜಲಮಪೂರ್ತಿ ಕೊಡ ಹೊತ್ತಿವಿ?” ಎಂದು ಅವರು ನಮ್ಮನ್ನೇ ಕೇಳಿದರು. ಇಂಥ ಪ್ರಶ್ನೆಯೊಂದನ್ನು ಮನೆಗೆ ಹೊತ್ತು ತಂದವರು ಪ್ರವಾಸದ ಪೂರ್ಣ ಫಲವನ್ನು ಪಡೆದರೆಂದೇ ನಾವು ತಿಳಿಯುತ್ತೇವೆ.

ಇನ್ನು ತುಸು ದೂರದ ಮಾತು. ಬಸವಣ್ಣನವರು ಜನಿಸಿದ ಬಾಗೇವಾಡಿ, ಆಲಮಟ್ಟಿ, ಕೂಡಲಸಂಗಮ ಈ ಮೂರನ್ನು ಎರಡು ದಿನಗಳಲ್ಲಿ ಸಾವಕಾಶವಾಗಿ ನೋಡಬಹುದು. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮದಲ್ಲಿ, ಬಸವಸಾಗರದ ಹಿನ್ನೀರಿನಿಂದ ರಕ್ಷಿಸಲು ಸುತ್ತ ಗೋಡೆ ಕಟ್ಟಿರುವ ಐಕ್ಯಸ್ಥಳಕ್ಕೆ ಬಾವಿಯೊಳಗೆ ಇಳಿದಂತೆ ಇಳಿಯಬೇಕು. ಮೊಣಕಾಲು ನೋವಿನವರಿಗೆ ಆಸರೆ ಬೇಕಾಗುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಜಲಾಶಯದ ಬಳಿ ಉದ್ಯಾನ, ಕಾರಂಜಿಗಳು ಮಕ್ಕಳಿಗೆ ಮುದ ನೀಡುತ್ತವೆ. ಆ ನೀರಿನಡಿಯಲ್ಲಿ ಹೊಲಮನೆ ಬಿಟ್ಟುಕೊಟ್ಟವರ ಊರುಗಳಿವೆ ಎಂಬುದನ್ನೂ ಅವರಿಗೆ ತಿಳಿಸುವುದು ಹಿರಿಯರ ಕರ್ತವ್ಯ. ಬಾದಾಮಿಗೆ ಹೋಗುವವರು ವಿಜಯಪುರದಿಂದ ರೈಲಿನ ಸಾಮಾನ್ಯ ಬೋಗಿಯಲ್ಲಿ ಹೋದರೆ ಖರ್ಚು ಅತ್ಯಲ್ಪ. ದಾರಿಯಲ್ಲಿ ಕೃಷ್ಣೆಯ ದರ್ಶನವೂ ಆಗುತ್ತದೆ. ಅಲ್ಲಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳಿವೆ. ನಮ್ಮ ಗರತಿಯರು ಬೀಸುವ ಕಲ್ಲಿನ ಮುಂದೆ ಹಾಡಿದುದು ಇದೇ ಛಂದಸ್ಸಿನಲ್ಲಿ ಎಂದು ಮನೆಯ ಅಜ್ಜಿಗೆ ಹೇಳಿ ನೋಡಿರಿ.

ಕೊನೆಗೆ ಕೆಲವು ಹಿತನುಡಿಗಳು. ನಮ್ಮ ಬಿಸಿಲಿಗೆ ಕಾರ್ತಿಕದಿಂದ ಮಾಘದವರೆಗಿನ ಕಾಲವೇ ತಕ್ಕುದು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಣದ್ರಾಕ್ಷಿ ಕೆಡುವುದಿಲ್ಲ, ಭಾರವೂ ಅಲ್ಲ. ಹೆಣ್ಣುಮಕ್ಕಳು ಬಸ್ಸಿಗೆ ಗುರುತಿನ ಚೀಟಿ ಒಯ್ಯಬೇಕು. ಶ್ರೀಶೈಲ, ಪಂಢರಪುರ, ಸೊಲ್ಲಾಪುರಗಳಂಥ ಹೊರರಾಜ್ಯದ ಊರುಗಳಿಗೆ ಆ ಸೌಲಭ್ಯ ಅನ್ವಯಿಸುವುದಿಲ್ಲ. ಹೊರಡುವ ದಿನ ಬುತ್ತಿ ಕಟ್ಟುವ ಕೆಲಸವೂ ಒಬ್ಬಳದೇ ಆಗದಿರಲಿ. ಎಲ್ಲಕ್ಕಿಂತ ಮೊದಲು, ವರ್ಷಾರಂಭದಲ್ಲಿಯೇ ಮನೆಯವರೆಲ್ಲ ಕುಳಿತು, ಯಾವ ತಿಂಗಳು ಯಾರು ಹೋಗುವವರು, ಆ ದಿನ ದನಕರು ನೋಡಿಕೊಂಡು ಒಲೆ ಹಚ್ಚುವವರು ಯಾರು ಎಂಬ ಸರದಿಯನ್ನು ಪಂಚಾಂಗದ ಹಾಳೆಯ ಮೇಲೆಯೇ ಬರೆದಿಡಿರಿ. ಆ ಪಟ್ಟಿಯಲ್ಲಿ ಮೊದಲ ಹೆಸರು, ಇದುವರೆಗೆ ಎಲ್ಲಿಗೂ ಹೋಗದವರದಾಗಿರಲಿ.