ಗಂಡ ಕರೆದರೆ ಕರ್ತವ್ಯ, ತಾನೇ ಹೊರಟರೆ ಶೋಕಿ

"ಅಷ್ಟು ಎಳೆಗೂಸನ್ನು ಕಟ್ಟಿಕೊಂಡು ಸಿಂಗಪುರಕ್ಕೆ ಹೋಗುವಂಥದ್ದು ಏನಿದೆಯಂತೆ?"

ಭದ್ರಾವತಿಯ ನ್ಯೂಟೌನಿನಲ್ಲಿ, ನನ್ನ ಮಗಳ ಅತ್ತೆಯ ಮನೆಯಲ್ಲಿ, ಅರಿಶಿನ-ಕುಂಕುಮಕ್ಕೆ ಕೂತಿದ್ದಾಗ ಬಂದ ಪ್ರಶ್ನೆ ಇದು. ಕೇಳಿದವರು ಕೆಟ್ಟವರಲ್ಲ, ಬಾಣಂತನದಲ್ಲಿ ಲೇಹ್ಯ ಮಾಡಿ ಕಳಿಸಿದ ನೆರೆಮನೆಯವರೇ. ಮಗುವಿಗೆ ಆಗ ಏಳು ತಿಂಗಳು. ಮಗಳು, ಅಳಿಯ, ಕೂಸು, ಜೊತೆಗೆ ನಾನು. ಎರಡೂ ಮನೆಗಳಲ್ಲಿ ಸಮುದ್ರ ದಾಟುವವರು ನಾವೇ ಮೊದಲು. ಐದು ದಿನದ ಪ್ರವಾಸ. ಖರ್ಚು ಮಗಳು ತನ್ನ ಸಂಬಳದಲ್ಲಿ ಕೂಡಿಟ್ಟದ್ದು.

ಆ ಪ್ರಶ್ನೆ ನನಗೆ ನಾಟಲು ಕಾರಣವಿದೆ. ಹಿಂದಿನ ವರ್ಷ ಅದೇ ಬೀದಿಯ ಒಬ್ಬ ಹುಡುಗಿ ನಾಲ್ಕು ತಿಂಗಳ ಕೂಸನ್ನೆತ್ತಿಕೊಂಡು ಒಬ್ಬಳೇ ಅಮೆರಿಕಕ್ಕೆ ಹೊರಟಿದ್ದಳು. ನಡುವೆ ವಿಮಾನ ಬದಲಿಸಬೇಕು. ಮನೆ ಬಿಟ್ಟು ಮನೆ ಸೇರುವವರೆಗೆ ಒಂದು ಹಗಲು, ಒಂದು ರಾತ್ರಿಗೂ ಮಿಕ್ಕಿದ ಪಯಣ. ಆಗ ಇಡೀ ಬೀದಿ ಸೇರಿ ಚಕ್ಕುಲಿ, ಸಾರಿನ ಪುಡಿ ಕಟ್ಟಿಕೊಟ್ಟಿತು. "ಗಂಡ ಇರುವಲ್ಲಿಗೆ ಸೇರಬೇಕಲ್ಲವೇ" ಎಂದಿತು. ಕೂಸಿಗೆ ಗಾಳಿ ಸೋಕೀತು, ನೀರು ಬದಲಾದೀತು ಎಂದು ಒಬ್ಬರೂ ಅನ್ನಲಿಲ್ಲ.

ಹಾಗಾದರೆ ನಮ್ಮ ಚಿಂತೆ ಕೂಸಿನದಲ್ಲ. ತಾಯಿ ಯಾರ ಸಲುವಾಗಿ ಹೊರಟಿದ್ದಾಳೆ ಎಂಬುದೇ ನಮ್ಮ ಚಿಂತೆ. ಗಂಡನ ಕೆಲಸಕ್ಕಾಗಿ ಹೊರಟರೆ ಕರ್ತವ್ಯ, ತನ್ನ ಸಂತೋಷಕ್ಕಾಗಿ ಹೊರಟರೆ ಶೋಕಿ!

ನಮ್ಮ ಊರುಗಳ ಕಥೆಯನ್ನೇ ನೋಡಿ. 1918ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬುನಾದಿ ಬಿದ್ದ ಮೇಲೆ ತಮಿಳು, ತೆಲುಗು, ಮಲಯಾಳ ಸೀಮೆಗಳಿಂದ ದುಡಿಯಲು ಬಂದವರ ಹೆಂಡಿರು ಸೊಂಟದ ಮೇಲೆ ಕೂಸು ಹೊತ್ತೇ ಬಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿದಾಗ, ತೊಟ್ಟಿಲು ಬಿಚ್ಚಿ ಲಾರಿಗೆ ಹಾಕಿ ಕಂಡರಿಯದ ಕಾಡಿಗೆ ಬಂದಿಳಿದ ಬಾಣಂತಿಯರೆಷ್ಟೋ. "ಎಳೆಗೂಸು, ಹೇಗಮ್ಮ?" ಎಂದು ಅವರನ್ನು ಕೇಳಿದವರಾರು?

ಎಚ್ಚರ ಬೇಡವೆಂದು ನಾನು ಹೇಳುತ್ತಿಲ್ಲ. ಹೊರಡುವ ಮೊದಲು ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ದಡಾರದ ಚುಚ್ಚುಮದ್ದನ್ನು ನಮ್ಮಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಹೊರದೇಶಕ್ಕೆ ಹೋಗುವ ಕೂಸಿಗೆ ಆರು ತಿಂಗಳು ದಾಟಿದ್ದರೆ ಮುಂಚೆಯೇ ಒಂದು ಸಲ ಹಾಕುವುದುಂಟು. ವಿಮಾನದಲ್ಲಿ ನೀರು-ನಿಡಿಗೆ 100 ಮಿಲಿಲೀಟರಿನ ಮಿತಿ ಇದ್ದರೂ ಮಗುವಿನ ಹಾಲಿಗೆ ವಿನಾಯಿತಿ ಇದೆ. ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂತರೆ ಅನೇಕ ವಿಮಾನಗಳಲ್ಲಿ ದೊಡ್ಡವರ ದರದ ಹತ್ತನೇ ಒಂದು ಭಾಗದಷ್ಟೇ ಟಿಕೇಟು. ಎಚ್ಚರಿಕೆ ಹೇಳುವವರು ಇಂಥದ್ದನ್ನು ತಿಳಿದು ಹೇಳಲಿ. ಎಚ್ಚರಿಸುವುದು ಬೇರೆ, ತಡೆಯುವುದು ಬೇರೆ.

2023ರಲ್ಲಿ ಸೋಗಾನೆಯಲ್ಲಿ ನಮಗೂ ವಿಮಾನ ನಿಲ್ದಾಣವಾಯಿತು. ಆದರೂ ಹೊರದೇಶಕ್ಕೆ ಬೆಂಗಳೂರಿಗೇ ಹೋಗಬೇಕು. ರೈಲಿನಲ್ಲಿ ಹೋದೆವು. ಬೆಂಗಳೂರಿನಿಂದ ವಿಮಾನ ಏರುವಾಗ ಮಗಳು ಹಾಲು ಕುಡಿಸಿದಳು, ಮಗು ಮಲಗಿತು. ಇಳಿಯುವಾಗ, ನಿದ್ದೆಯಲ್ಲಿದೆಯಲ್ಲ ಎಂದು ಎಬ್ಬಿಸಲಿಲ್ಲ. ಅದೇ ತಪ್ಪಾಯಿತು. ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಕಿವಿ ಕಟ್ಟುತ್ತದೆ. ನಾವು ಉಗುಳು ನುಂಗಿ ಸರಿಮಾಡಿಕೊಳ್ಳುತ್ತೇವೆ, ಮಲಗಿದ ಕೂಸಿಗೆ ಅದು ತಿಳಿಯದು. ಕಿಟಾರನೆ ಕಿರುಚಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ನೋಡಿದ್ದು ನನ್ನ ಮಗಳನ್ನು. ಪಕ್ಕದಲ್ಲೇ ಇದ್ದ ಅಳಿಯನನ್ನು ಒಬ್ಬರೂ ನೋಡಲಿಲ್ಲ. ಮಗುವಿನ ಪಾಸ್‌ಪೋರ್ಟ್ ಅರ್ಜಿಗೆ ತಂದೆ ತಾಯಿ ಇಬ್ಬರ ಸಹಿಯೂ ಬಿದ್ದಿತ್ತು; ಆಕಾಶದಲ್ಲಿ ಅದು ಅತ್ತಾಗ ಮಾತ್ರ ಜವಾಬು ತಾಯಿಯೊಬ್ಬಳದೇ.

ಎಲ್ಲಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಆ ಗಳಿಗೆಯಲ್ಲಿ, "ಮನೆಯಲ್ಲೇ ಇರಬಹುದಿತ್ತು" ಎಂದು ಬಾಯಿಬಿಟ್ಟವಳು ನಾನು. "ದೇಶ ಸುತ್ತು, ಕೋಶ ಓದು" ಎಂದು ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆದವಳು. ಮಗಳು ಉತ್ತರ ಕೊಡಲಿಲ್ಲ. ಮಗುವನ್ನು ಎದೆಗೆ ಹಾಕಿಕೊಂಡಳು. ಐದಾರು ಗುಟುಕು ಇಳಿದದ್ದೇ ಅಳು ನಿಂತಿತು. ಅವಳ ಕಣ್ಣಿನಲ್ಲಿ ಮಾತ್ರ ನೀರಿತ್ತು.

ಅಮ್ಮಂದಿರೇ, ಅತ್ತೆಯರೇ, ಹೆಣ್ಣಿಗೆ ಹೊಸಿಲು ದಾಟಬೇಡವೆನ್ನುವ ದನಿ ಯಾವಾಗಲೂ ಗಂಡಸಿನದೇ ಎಂದು ನಾವು ತಿಳಿದಿದ್ದೇವೆ. ಅರಿಶಿನ-ಕುಂಕುಮದ ಜಮಖಾನೆಯ ಮೇಲೆ ಕೂತು ಆ ಕೆಲಸವನ್ನು ನಾವೇ ಎಷ್ಟು ಚೆನ್ನಾಗಿ ಮಾಡುತ್ತೇವೆ! ನಮಗೆ ಯಾರೂ ಕರೆದುಕೊಂಡು ಹೋಗಿ ಜೋಗದಾಚೆ ತೋರಿಸಲಿಲ್ಲ ಎಂಬ ಸಂಕಟ ನಮ್ಮದು. ಅದನ್ನು ಮಗುವಿನ ಮೇಲಿನ ಕಾಳಜಿ ಎಂದು ಕರೆಯುವುದು ಬೇಡ.

ತಿರುಗಿ ಬಂದಾಗ ಅದೇ ನೆರೆಮನೆಯವರು ಕೇಳಿದರು: "ಮಗು ತುಂಬಾ ಅತ್ತಿತಾ?"

"ಹತ್ತು ನಿಮಿಷ ಅತ್ತಿತು," ಎಂದೆ. "ಅದರ ತಾಯಿಯನ್ನು ಅಳಿಸಿದವಳು ನಾನು."