ಮೊಟ್ಟೆಯ ಬಣ್ಣವೂ ಮೊಟ್ಟೆಯ ಗುಣವೂ

ಮೊಟ್ಟೆಕೋಳಿಗಳ ಆಹಾರಕ್ಕೆ ಬೆರೆಸುವ ಸಸ್ಯಮೂಲದ ಪುಡಿಗಳನ್ನು ಸಂಘದ ಮಳಿಗೆಯಲ್ಲಿ ಮಾರಾಟಕ್ಕಿಡಬೇಕೆಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಕಾಫಿ ಹಣ್ಣಿನ ಸಿಪ್ಪೆಯಲ್ಲಿಯೂ ಅಡಿಕೆಯಲ್ಲಿಯೂ ಅದೇ ಸತ್ತ್ವ ಇರುವಾಗ ನಾವೇ ಏಕೆ ಪುಡಿ ಮಾಡಿ ಹಾಕಬಾರದೆಂಬುದು ಇನ್ನು ಕೆಲವರ ಪ್ರಶ್ನೆ. ಇದು ಉಪೇಕ್ಷಿಸುವ ವಿಷಯವಲ್ಲ. ಕಾಫಿ, ಅಡಿಕೆಯ ಹಣ ವರ್ಷಕ್ಕೊಮ್ಮೆ ಬರುವಂಥದು. ಮೊಟ್ಟೆಯ ಹಣ ವಾರವಾರವೂ ಮನೆಯ ಹೆಂಗಸರ ಕೈಸೇರುವಂಥದು. ಅದು ಪೊಟ್ಟಣಗಳಿಗೆ ಹೋಗುವ ಮುನ್ನ ಸ್ವಲ್ಪ ವಿಚಾರ ಮಾಡುವುದು ಒಳ್ಳೆಯದು.

ಎಣ್ಣೆ ಗಾಳಿಗೆ ಸಿಕ್ಕಿ ಕಮಟಾಗುವುದನ್ನು ಎಲ್ಲರೂ ಕಂಡಿದ್ದೇವೆ. ಕೊಬ್ಬು ಆಮ್ಲಜನಕದೊಡನೆ ಸೇರಿ ಕೆಡುವ ಈ ಕ್ರಿಯೆ ಕೋಳಿಯ ದೇಹದೊಳಗೂ ನಡೆಯುತ್ತದೆ. ಬೇಸಗೆಯ ಸೆಕೆಯಲ್ಲಿ ಹೆಚ್ಚುತ್ತದೆ. ಇದನ್ನು ತಡೆಯುವ ವಸ್ತುಗಳಿಗೇ ಆಂಟಿ ಆಕ್ಸಿಡೆಂಟ್ ಎಂದು ಹೆಸರು. ಇ ಜೀವಸತ್ವ, ಕ್ಯಾರೊಟಿನ್ ಜಾತಿಯ ಬಣ್ಣಗಳು, ಸೊಪ್ಪುಗಳಲ್ಲಿರುವ ಪಾಲಿಫಿನಾಲ್‌ಗಳು ಈ ಗುಂಪಿಗೆ ಸೇರುತ್ತವೆ. ಕೋಳಿ ತಿಂದ ಇ ಜೀವಸತ್ವ ಮೊಟ್ಟೆಯ ಹಳದಿಗೆ ಇಳಿದು, ಅಲ್ಲಿನ ಕೊಬ್ಬು ಬೇಗ ಕೆಡದಂತೆ ಕಾಯುತ್ತದೆ. ಆಹಾರ ಕೆಡದಿರಲು ಬಹುಕಾಲ ಬಳಸುತ್ತಿದ್ದ ಎಥಾಕ್ಸಿಕ್ವಿನ್ ಎಂಬ ರಾಸಾಯನಿಕದ ಅನುಮತಿಯನ್ನು ಯೂರೋಪಿನ ಒಕ್ಕೂಟ 2017ರಲ್ಲಿ ತಡೆಹಿಡಿಯಿತು. ಆದುದರಿಂದ ಸಸ್ಯಮೂಲದ ಬದಲಿಯನ್ನು ಹುಡುಕುವುದರಲ್ಲಿ ಅರ್ಥವಿದೆ. ಇಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ಪುಡಿ ಮಾರುವವರು ಮೊದಲು ತೋರಿಸುವುದು ಕಡುಹಳದಿಯ ಮೊಟ್ಟೆಯನ್ನು. ಈ ಬಣ್ಣವನ್ನು ಕೋಳಿ ತಾನೇ ತಯಾರಿಸಲಾರದು, ತಿಂದದ್ದರಿಂದಲೇ ಬರಬೇಕು. ಹಳದಿ ಮೆಕ್ಕೆಜೋಳ, ನುಗ್ಗೆಸೊಪ್ಪು, ಚೆಂಡುಹೂವಿನ ಎಸಳು ಹಳದಿ ಕೊಡುತ್ತವೆ. ಕೆಂಪು ಮೆಣಸಿನಕಾಯಿ ಕೇಸರಿಯ ಕಡೆಗೆ ತಿರುಗಿಸುತ್ತದೆ. ಬಿಳಿಜೋಳ ತಿಂದ ಕೋಳಿಯ ಮೊಟ್ಟೆ ಪೇಲವವಾಗಿ ಕಂಡರೂ ಅದರಿಂದ ಸಸಾರಜನಕಕ್ಕೆ ಕೊರತೆಯಿಲ್ಲ. ಬಣ್ಣಕ್ಕೆ ಒಂದೆರಡು ರೂಪಾಯಿ ಹೆಚ್ಚು ಸಿಕ್ಕರೆ ಸಂತೋಷವೇ. ಆದರೆ ಆ ಬಣ್ಣವನ್ನು ಹಿತ್ತಲಿನ ನುಗ್ಗೆಯೇ ಕೊಡುವಾಗ ಪೊಟ್ಟಣಕ್ಕೆ ಹಣ ತೆರುವುದೇಕೆ?

ಇನ್ನು ನಮ್ಮ ತೋಟದ ವಸ್ತುಗಳು. ಕಾಫಿ ಸಿಪ್ಪೆಯಲ್ಲಿ ಪಾಲಿಫಿನಾಲ್ ಇರುವುದು ನಿಜ; ಜೊತೆಗೆ ಕೆಫೀನ್ ಮತ್ತು ಟ್ಯಾನಿನ್ ಕೂಡ ಇವೆ. ಒಗರಿನ ಟ್ಯಾನಿನ್ ಸಸಾರಜನಕವನ್ನು ಕಟ್ಟಿಹಾಕಿ ಜೀರ್ಣವಾಗದಂತೆ ಮಾಡುತ್ತದೆ. ಅಡಿಕೆಯಲ್ಲಿ ಟ್ಯಾನಿನ್ನಿನ ಮೇಲೆ ನರಗಳನ್ನು ಕೆರಳಿಸುವ ಅರೆಕೊಲಿನ್ ಇದೆ. ಸುಬಾಬುಲ್ ಸೊಪ್ಪು ಹಳದಿ ಬಣ್ಣ ಕೊಟ್ಟರೂ ಅದರ ಮಿಮೊಸಿನ್ ಹೆಚ್ಚಾದರೆ ವಿಷವೇ. ಗಿಡದಿಂದ ಬಂದದ್ದು ಕೆಡುಕು ಮಾಡದು ಎಂಬ ಮಾತನ್ನು ಕಾಸರಕನ ಮರ ಕಂಡ ಮಲೆನಾಡಿಗರಂತೂ ನಂಬಬಾರದು. ಕಾಫಿ ಸಿಪ್ಪೆಯ ಸ್ಥಾನ ಗೊಬ್ಬರದ ಗುಂಡಿ, ಕೋಳಿಯ ತೊಟ್ಟಿಯಲ್ಲ.

ಮುಖ್ಯವಾದ ಮಾತು ಬೇರೆಯೇ ಇದೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದಕ್ಕಾಗಿ ಹೆಚ್ಚು ಮೊಟ್ಟೆಯಿಡುವ ಜಾತಿಯ ಕೋಳಿಗೆ ದಿನಕ್ಕೆ 3.5ರಿಂದ 4 ಗ್ರಾಂ ಬೇಕು. ಆಹಾರದಲ್ಲಿ ಶೇಕಡಾ 16ರಿಂದ 18ರಷ್ಟು ಸಸಾರಜನಕವೂ ಬೇಕು. ಇವಿಲ್ಲದೆ ಯಾವ ಪುಡಿಯೂ ಮೊಟ್ಟೆಯನ್ನು ಉತ್ತಮಗೊಳಿಸದು. ಎಣ್ಣೆ ತೆಗೆಯದ ಅಕ್ಕಿ ತೌಡು ಬಹುಬೇಗ ಕಮಟಾಗುತ್ತದೆ. ಮಳೆಗಾಲದಲ್ಲಿ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ಕೆಟ್ಟ ತೌಡನ್ನು ತಿನ್ನಿಸಿ ಮೇಲೆ ಪುಡಿ ಉದುರಿಸುವುದು ಸೋರುವ ಮಾಡಿನ ಕೆಳಗೆ ಅಡಿಕೆ ಒಣಗಿಸಿದಂತೆ.

ಆದುದರಿಂದ ನನ್ನ ಸಲಹೆ ಇದು. ಯಾವ ಸಸ್ಯ, ಯಾವ ಸತ್ತ್ವ, ಎಷ್ಟು ಪ್ರಮಾಣ ಎಂದು ಪೊಟ್ಟಣದ ಮೇಲೆ ನಮೂದಿಸದ ಪುಡಿಯನ್ನು ಮಳಿಗೆಗೆ ತರಬಾರದು. ಒಂದೇ ಸೊಪ್ಪಿನ ಸತ್ತ್ವವೂ ಮಣ್ಣು, ಋತು, ಒಣಗಿಸುವ ಕ್ರಮಗಳಿಗೆ ತಕ್ಕಂತೆ ಬದಲಾಗುವುದರಿಂದ ಈ ನಿಬಂಧನೆ ಅಗತ್ಯ. ನಮೂದಿಸಿದ್ದನ್ನೂ ಮೊದಲು ಪರೀಕ್ಷಿಸೋಣ. ಆಸಕ್ತ ಸದಸ್ಯರು ಒಂದೇ ಜಾತಿಯ, ಒಂದೇ ವಯಸ್ಸಿನ ಕೋಳಿಗಳನ್ನು ಎರಡು ಪಾಲು ಮಾಡಿ, ಒಂದೇ ಆಹಾರ ಕೊಟ್ಟು, ಒಂದು ಪಾಲಿಗೆ ಮಾತ್ರ ಪುಡಿ ಬೆರೆಸಲಿ. 8 ವಾರ ಮೊಟ್ಟೆಯ ಸಂಖ್ಯೆ, ತೂಕ, ಒಡಕು ಬರೆದಿಡಲಿ. ಪ್ರತಿ ಪಾಲಿನ 10 ಮೊಟ್ಟೆಗಳನ್ನು ಒಂದು ವಾರ ಇಟ್ಟು ಚಪ್ಪಟೆ ತಟ್ಟೆಗೆ ಒಡೆದು ನೋಡಲಿ. ಲೋಳೆ ನೀರಾಗಿ ಹರಡದೆ, ಹಳದಿ ಉಬ್ಬಿ ನಿಂತರೆ ಗುಣ ಉಳಿದಿದೆ ಎಂದರ್ಥ. ಕೊನೆಗೆ ಪುಡಿಯ ಖರ್ಚನ್ನೂ ಹೆಚ್ಚಿದ ಆದಾಯವನ್ನೂ ಎದುರುಬದುರು ಇಟ್ಟು ಲೆಕ್ಕ ಹಾಕಲಿ.

ಮಾರಾಟದಿಂದ ಸಂಘಕ್ಕೆ ಕಮಿಷನ್ ಬರುತ್ತದೆಂಬ ವಾದವೂ ಇದೆ. ಪ್ರಯೋಜನವಿಲ್ಲದ ಸರಕನ್ನು ಸದಸ್ಯರಿಗೇ ಮಾರಿ ಗಳಿಸಿದ ಕಮಿಷನ್ ಸಹಕಾರದ ಲಾಭವಲ್ಲ. ಪರೀಕ್ಷೆಯಲ್ಲಿ ಪುಡಿ ಗೆದ್ದರೆ ತರಿಸಲು ನಾನೇ ಮುಂದಾಗುತ್ತೇನೆ. ಅಲ್ಲಿಯವರೆಗೆ ಒಣಗಿದ ತೌಡು, ಕಪ್ಪೆಚಿಪ್ಪು, ತಂಪಾದ ನೀರು, ಹಿಡಿ ನುಗ್ಗೆಸೊಪ್ಪು ಇವೇ ಸಾಕು.